ವಿಕಿರಣ ಜೀವವಿಜ್ಞಾನಿ ಗೋಪಾಲ ಅಯ್ಯಂಗಾರ್

ಬೆಂಕಿ ತಗುಲಿದರೆ ಚರ್ಮ ಉರಿಯುತ್ತದೆ. ಮುಳ್ಳು ಚುಚ್ಚಿದರೆ ರಕ್ತ ಒಸರುತ್ತದೆ. ಆದರೆ ಕ್ಷ-ಕಿರಣವಾಗಲಿ ಗ್ಯಾಮಾ ಕಿರಣವಾಗಲಿ ದೇಹವನ್ನು ಹೊಕ್ಕು ಹೊರಬಿದ್ದರೂ ಆ ಕ್ಷಣದಲ್ಲಿ ಏನೂ ತಿಳಿಯದು. ಅದು ಮಾಡುವ ಗಾಯ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದು. ಆ ಗಾಯವನ್ನು ಅರಸಿ, ಅಳೆದು, ಅದರಿಂದ ಮಾನವನಿಗೆ ಒದಗುವ ಕೇಡೆಷ್ಟು, ಒಳಿತೆಷ್ಟು ಎಂದು ವಿವೇಚಿಸುವ ಕಾರ್ಯಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟ ಕನ್ನಡ ನಾಡಿನ ವಿಜ್ಞಾನಿ ಡಾ. ಆನೇಕಲ್ ರಾಮಸ್ವಾಮಿ ಅಯ್ಯಂಗಾರ್ ಗೋಪಾಲ ಅಯ್ಯಂಗಾರ್.

1909ರಲ್ಲಿ ಜನಿಸಿದ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಪದವಿ ಪಡೆದು, ಕೆಲಕಾಲ ಅಧ್ಯಾಪಕರಾಗಿದ್ದರು. ಜೀವಕೋಶದ ಒಳಗುಟ್ಟನ್ನು ಅರಿಯುವ ಹಂಬಲ ಅವರನ್ನು ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಕರೆದೊಯ್ದಿತು. ಅದಕ್ಕೂ ಮೊದಲೇ, 1927ರಲ್ಲಿ, ಅಮೆರಿಕದ ಹರ್ಮನ್ ಮುಲ್ಲರ್ ಎಂಬ ವಿಜ್ಞಾನಿ ಹಣ್ಣುನೊಣಗಳಿಗೆ ಕ್ಷ-ಕಿರಣ ತಾಗಿಸಿ, ಅವುಗಳ ಸಂತತಿಯಲ್ಲಿ ಹೊಸ ಗುಣಗಳು ಹುಟ್ಟುವುದನ್ನು ತೋರಿಸಿದ್ದರು. ತಂದೆತಾಯಿಗೆ ತಗುಲಿದ ಕಿರಣ ಮಕ್ಕಳನ್ನೂ ಬಾಧಿಸಬಲ್ಲದೆಂಬ ಈ ತಿಳಿವು ಜಗತ್ತನ್ನು ಚಿಂತೆಗೀಡುಮಾಡಿತ್ತು.

ಗೋಪಾಲ ಅಯ್ಯಂಗಾರರು ಸ್ವದೇಶಕ್ಕೆ ಮರಳಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಕೋಶವಿಜ್ಞಾನಿಯಾದರು. ಕ್ಯಾನ್ಸರ್ ರೋಗದಲ್ಲಿ ಜೀವಕೋಶಗಳು ಅಂಕೆತಪ್ಪಿ ವಿಭಜನೆಗೊಳ್ಳುತ್ತವೆ. ಹೀಗೆ ವಿಭಜನೆಗೊಳ್ಳುವ ಕೋಶಗಳೇ ವಿಕಿರಣಕ್ಕೆ ಬೇಗ ಬಲಿಯಾಗುವುದರಿಂದ, ಕೊಲ್ಲುವ ಕಿರಣವೇ ಅಲ್ಲಿ ಔಷಧವೂ ಆಗುತ್ತದೆ.

ಈ ಕ್ರಿಯೆಯನ್ನು ತಿಳಿಯಲು ಬಸವನ ಬಾಗೇವಾಡಿಯ ಹೊಲದಲ್ಲಿ ಬೆಳೆಯುವ ಉಳ್ಳಾಗಡ್ಡಿಯೇ ಸಾಕು. ಅದರ ಬೇರಿನ ತುದಿಯಲ್ಲಿ ಕೋಶಗಳು ಸದಾ ವಿಭಜನೆಗೊಳ್ಳುತ್ತಿರುತ್ತವೆ. ಆ ತುದಿಗೆ ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳು ಕಾಣುತ್ತವೆ. ಕಿರಣ ತಾಗಿದ ಬೇರಿನಲ್ಲಾದರೋ ಅವು ತುಂಡಾಗಿಯೂ, ತಪ್ಪಾಗಿ ಬೆಸೆದುಕೊಂಡೂ ಇರುತ್ತವೆ. ಕಿರಣವು ಕೆಲವೊಮ್ಮೆ ವರ್ಣತಂತುವಿನೊಳಗಿನ ಡಿ.ಎನ್.ಎ. ಎಳೆಯನ್ನು ನೇರವಾಗಿ ಕಡಿಯುತ್ತದೆ. ಕೆಲವೊಮ್ಮೆ ಕೋಶದಲ್ಲಿರುವ ನೀರಿನ ಅಣುಗಳನ್ನು ಒಡೆಯುತ್ತದೆ, ಆಗ ಹುಟ್ಟುವ ಉಗ್ರ ಚೂರುಗಳು ಡಿ.ಎನ್.ಎ.ಯನ್ನು ಕೆಡಿಸುತ್ತವೆ. ಕೋಶವು ಈ ಮುರಿತವನ್ನು ತಾನೇ ದುರಸ್ತಿ ಮಾಡಿಕೊಳ್ಳಲು ಯತ್ನಿಸುತ್ತದೆ. ದುರಸ್ತಿ ಸರಿಹೋದರೆ ಬದುಕುತ್ತದೆ, ವಿಫಲವಾದರೆ ಸಾಯುತ್ತದೆ, ತಪ್ಪಾದರೆ ಬದಲಾದ ಗುಣದೊಡನೆ ಬೆಳೆಯುತ್ತದೆ. ಮುರಿದ ವರ್ಣತಂತುಗಳನ್ನು ಎಣಿಸಿ, ತಗುಲಿದ ವಿಕಿರಣವೆಷ್ಟೆಂದು ಅಂದಾಜು ಮಾಡಬಹುದು.

ಮುಂದೆ ಗೋಪಾಲ ಅಯ್ಯಂಗಾರರು ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ಜೀವವಿಜ್ಞಾನದ ಸಂಶೋಧನೆಗೆ ನಾಯಕರಾದರು. ಬದಲಾದ ಗುಣ ಎಲ್ಲ ಸಲವೂ ಕೆಟ್ಟದ್ದಾಗಬೇಕಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ರೈತರಿಗೆ ಚಿರಪರಿಚಿತವಾದ ಶೇಂಗಾ ಬೀಜಕ್ಕೆ ಟ್ರಾಂಬೆಯ ವಿಜ್ಞಾನಿಗಳು ಕ್ಷ-ಕಿರಣ ಹಾಯಿಸಿ, ಹುಟ್ಟಿದ ಗಿಡಗಳಲ್ಲಿ ಉತ್ತಮವಾದವುಗಳನ್ನು ಆರಿಸಿ, ದಪ್ಪ ಕಾಳಿನ ತಳಿಯೊಂದನ್ನು 1973ರಲ್ಲಿ ಹೊರತಂದರು.

ಆದರೆ ಅವರ ಮುಂದಿದ್ದ ಕಠಿಣ ಪ್ರಶ್ನೆ ಕೇರಳದ ಕಡಲತೀರದಲ್ಲಿತ್ತು. ಕೊಲ್ಲಂ ಬಳಿಯ ಚವರ, ನೀಂಡಕರಗಳ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಹೇರಳವಾಗಿದೆ. ಅಲ್ಲಿನ ಮೀನುಗಾರರು ತಲೆತಲಾಂತರದಿಂದ ಆ ವಿಕಿರಣದ ನಡುವೆಯೇ ಬಾಳುತ್ತಿದ್ದರು. ಅವರ ಮಕ್ಕಳ ಗತಿಯೇನು? ಹೆದರಿಸುವುದೂ ತಪ್ಪು, ಹುಸಿ ಧೈರ್ಯ ಹೇಳುವುದೂ ತಪ್ಪು. ಗೋಪಾಲ ಅಯ್ಯಂಗಾರರೂ ಅವರ ಸಂಗಡಿಗರೂ ಆ ಜನರಿಗೆ ತಗುಲುವ ವಿಕಿರಣವನ್ನು ಅಳೆದು, ಕುಟುಂಬಗಳ ವಿವರ ಸಂಗ್ರಹಿಸಿ, 1971ರ ಜಿನೀವಾ ಸಮ್ಮೇಳನದ ಮುಂದಿಟ್ಟರು. 1976ರಲ್ಲಿ ಬೇರೊಂದು ತಂಡ ಅಲ್ಲಿ ಬುದ್ಧಿಮಾಂದ್ಯ ಹೆಚ್ಚೆಂದು ವರದಿ ಮಾಡಿದಾಗ ತೀವ್ರ ಚರ್ಚೆ ನಡೆಯಿತು. ಅನಂತರ ಸುಮಾರು 70,000 ನಿವಾಸಿಗಳನ್ನು ಹಲವು ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದುದು ಕಂಡುಬರಲಿಲ್ಲ. ಹಾಗೆಂದು ವಿಕಿರಣ ನಿರಪಾಯವೆಂದಲ್ಲ. ಅದರ ಪ್ರಮಾಣ ಬಹಳ ಹೆಚ್ಚಾದರೆ ಪ್ರಾಣಕ್ಕೇ ಎರವಾಗುತ್ತದೆ.

ವಿಶ್ವಸಂಸ್ಥೆಯ ವಿಕಿರಣ ಪರಿಣಾಮ ಸಮಿತಿಯಲ್ಲಿ ಅವರು ಭಾರತದ ಪ್ರತಿನಿಧಿಯಾಗಿದ್ದರು. 1967ರಲ್ಲಿ ಪದ್ಮಶ್ರೀ ಗೌರವ ಅವರಿಗೆ ಸಂದಿತು. 1992ರಲ್ಲಿ ಅವರು ನಿಧನರಾದರು. ಕಾಣದ ಅಪಾಯದ ಬಗ್ಗೆ ಊಹೆಯಿಂದ ಮಾತನಾಡದೆ, ತಾಳ್ಮೆಯಿಂದ ನೋಡಿ, ಎಣಿಸಿ, ಅಳೆದು ನುಡಿಯಬೇಕೆಂಬ ಪಾಠ ಅವರ ಬಾಳಿನಲ್ಲಿದೆ.