ಗುಂಡಿಗೆ ತಕ್ಕ ತಿರುವು ಕಂಡುಕೊಂಡ ವಿಟ್‌ವರ್ತ್

ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದು ಕಾರ್ಖಾನೆಯ ನಟ್ಟು ಹೊಂದುವುದನ್ನು ನಾವು ಸಹಜವೆಂದೇ ತಿಳಿದಿದ್ದೇವೆ. 1841ರಲ್ಲಿ ಸ್ಕ್ರೂ ಹಲ್ಲುಗಳಿಗೆ ಏಕರೂಪದ ಅಳತೆ ಸೂಚಿಸಿ ಅದಕ್ಕೆ ಹಾದಿ ತೋರಿದವರು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್. ಬಂದೂಕಿನ ವಿಷಯದಲ್ಲಿ ಅವರು ಪಟ್ಟ ಪಾಡು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1803ರ ಡಿಸೆಂಬರ್ 21ರಂದು ಸ್ಟಾಕ್‌ಪೋರ್ಟಿನಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ಕೆಲಸ ಕಲಿತು, 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಾರ್ಖಾನೆ ತೆರೆದರು. 1854ರಲ್ಲಿ ಸರಕಾರವು ಎನ್‌ಫೀಲ್ಡ್ ಬಂದೂಕಿನ ನಳಿಕೆ ತಯಾರಿಸುವ ಯಂತ್ರಗಳಿಗಾಗಿ ಅವರ ಬಳಿಗೆ ಬಂತು. ನಳಿಕೆ ಹೇಗಿರಬೇಕೆಂಬುದೇ ನಿರ್ಣಯವಾಗದೆ ಯಂತ್ರ ಮಾಡುವುದೆಂತು? ಮೊದಲು ಪರೀಕ್ಷೆ ನಡೆಯಲಿ ಎಂದು ಅವರು ಪಟ್ಟು ಹಿಡಿದರು. ಅವರ ಮನೆಯ ಆವರಣದಲ್ಲಿ 500 ಗಜ ಉದ್ದದ ಚಾವಡಿ ಎದ್ದಿತು. ಗುಂಡು ಹೋಗುವ ದಾರಿಯಲ್ಲಿ ತೆಳು ಕಾಗದದ ಪರದೆಗಳನ್ನು ಕಟ್ಟಿ, ತೂತುಗಳನ್ನು ನೋಡಿ ಅದರ ನಡೆಯನ್ನು ಅಳೆದರು.

ಗುಂಡು ಬುಗುರಿಯಂತೆ, ವೇಗವಾಗಿ ತಿರುಗಿದರಷ್ಟೇ ನೆಟ್ಟಗಿರುತ್ತದೆ, ಇಲ್ಲವಾದರೆ ಓಲಾಡಿ ಪಲ್ಟಿ ಹೊಡೆಯುತ್ತದೆ. ಎನ್‌ಫೀಲ್ಡಿನ ನಳಿಕೆಯ ಒಳವ್ಯಾಸ 0.577 ಇಂಚು, ತಿರುವು 78 ಇಂಚಿಗೆ ಒಂದು ಸುತ್ತು. ಗುಂಡಿನ ತೂಕವನ್ನು 530 ಗ್ರೇನಿನಲ್ಲೇ ಉಳಿಸಿಕೊಂಡು ವಿಟ್‌ವರ್ತರು ಒಳವ್ಯಾಸವನ್ನು 0.451 ಇಂಚಿಗೆ ಇಳಿಸಿದರು. ತೂಕ ಅದೇ, ದಪ್ಪ ಕಡಿಮೆ; ಆದುದರಿಂದ ಗುಂಡು ಉದ್ದವಾಯಿತು. ಉದ್ದದ ಗುಂಡಿಗೆ ಬಿಗಿಯಾದ ತಿರುವು ಬೇಕೆಂದು ಕಂಡು, 20 ಇಂಚಿಗೆ ಒಂದು ಸುತ್ತು ಕೊಟ್ಟರು. ನಳಿಕೆಯ ಒಳಭಾಗ ಆರು ಮೂಲೆಯದು.

1857ರಲ್ಲಿ ಹೈತ್ ಎಂಬಲ್ಲಿ ಎರಡನ್ನೂ ಪರೀಕ್ಷಿಸಲಾಯಿತು. 500 ಗಜ ದೂರದಲ್ಲಿ ಎನ್‌ಫೀಲ್ಡಿನ ಗುಂಡುಗಳು ಸರಾಸರಿ ಎರಡು ಅಡಿಗೂ ಹೆಚ್ಚು ಓರೆಯಾದರೆ, ವಿಟ್‌ವರ್ತರದು ಅರ್ಧ ಅಡಿಯೊಳಗೇ ನಿಂತಿತು. 1400 ಗಜದಲ್ಲಿ ಎನ್‌ಫೀಲ್ಡ್ ಸೋತೇ ಹೋಯಿತು. ಇಷ್ಟಾದರೂ ಸೇನೆ ಅದನ್ನು ಸ್ವೀಕರಿಸಲಿಲ್ಲ. ಬೆಲೆ ಹೆಚ್ಚು, ಕಿರಿದಾದ ನಳಿಕೆಯಲ್ಲಿ ಮದ್ದಿನ ಮಸಿ ಬೇಗ ಕಟ್ಟುತ್ತಿತ್ತು. ಎರಡನೆಯದು ನಿಜವಾದ ದೋಷವೇ ಎಂದು ನಾವೂ ಒಪ್ಪಬೇಕು. 1860ರಲ್ಲಿ ವಿಂಬಲ್ಡನ್ ಸ್ಪರ್ಧೆಯ ಉದ್ಘಾಟನೆಗೆ ವಿಕ್ಟೋರಿಯಾ ರಾಣಿ ಹಾರಿಸಿದ್ದು ಮಾತ್ರ ಇದೇ ಬಂದೂಕನ್ನು!

1871ರಲ್ಲಿ ಸೇನೆಗೆ ಬಂದ ಮಾರ್ಟಿನಿ-ಹೆನ್ರಿಯ ಒಳವ್ಯಾಸ 0.45 ಇಂಚು, ತಿರುವು 22 ಇಂಚಿಗೊಂದು ಸುತ್ತು. ತಿರಸ್ಕೃತವಾದ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ಮರಳಿತ್ತು. 1879ರಲ್ಲಿ ಗಣಿತಜ್ಞ ಗ್ರೀನ್‌ಹಿಲ್ ಗುಂಡಿನ ಉದ್ದ ಮತ್ತು ದಪ್ಪಗಳಿಂದ ತಿರುವನ್ನು ಗುಣಿಸುವ ಸೂತ್ರ ಕೊಟ್ಟರು. ಪಿಸ್ತೂಲಿಗೂ ತತ್ವ ಇದೇ: ಒಂದೇ ನಳಿಕೆಗೆ ಭಾರದ ಗುಂಡು ಹಾಕಿದರೆ ಸಾಮಾನ್ಯವಾಗಿ ಅದರ ಉದ್ದವೂ ಹೆಚ್ಚು, ಬೇಕಾದ ತಿರುವೂ ಹೆಚ್ಚು.

ವಿಟ್‌ವರ್ತರು 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡರು. ಯಂತ್ರವಿದ್ಯೆ ಕಲಿಯುವ ಯುವಕರಿಗಾಗಿ 1868ರಲ್ಲಿ ಅವರು ಸ್ಥಾಪಿಸಿದ ವಿದ್ಯಾರ್ಥಿವೇತನ ಇಂದಿಗೂ ನಡೆಯುತ್ತಿದೆ.