ಶ್ರೀನಿವಾಸ ರಾಮಾನುಜನ್ ಮತ್ತು ಹಂಚಲು ಒದಗುವ ಸಂಖ್ಯೆಗಳು

ಹನ್ನೆರಡು ಲಡ್ಡು ಇದ್ದರೆ ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಜನಕ್ಕೆ ಮುರಿಯದೆ ಸಮನಾಗಿ ಹಂಚಬಹುದು. 12ಕ್ಕೆ ಒಟ್ಟು ಆರು ಭಾಜಕಗಳು. ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟಿಲ್ಲ. ಇಂಥ ಸಂಖ್ಯೆಗಳನ್ನು ಅತಿಸಂಯುಕ್ತ ಸಂಖ್ಯೆಗಳು ಎನ್ನೋಣ. ಇವುಗಳ ಗುಟ್ಟನ್ನು ಬಿಡಿಸಿದವರು ಶ್ರೀನಿವಾಸ ರಾಮಾನುಜನ್.

ಅವರು ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯ ಗುಮಾಸ್ತರು. ಮನೆದೇವತೆ ನಾಮಕ್ಕಲ್‌ನ ನಾಮಗಿರಿ ತಾಯಿ. ಗಣಿತದಲ್ಲೇ ಮುಳುಗಿ ಉಳಿದ ವಿಷಯಗಳನ್ನು ಓದದೆ ವಿದ್ಯಾರ್ಥಿವೇತನ ಹೋಯಿತು, ಎಫ್.ಎ. ಪರೀಕ್ಷೆ ಫೇಲಾಯಿತು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಗಿರಿ ಸಿಕ್ಕಿತು. 1913ರಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಬರೆದರು. 1914ರ ಮಾರ್ಚ್‌ನಲ್ಲಿ, ಸಮುದ್ರ ದಾಟಬಾರದೆಂಬ ಕಟ್ಟಳೆಯನ್ನೂ ಮೀರಿ ಹಡಗು ಹತ್ತಿದರು.

ಕೆಲವೇ ತಿಂಗಳಲ್ಲಿ ಯುದ್ಧ ಶುರುವಾಯಿತು. ಶುದ್ಧ ಸಸ್ಯಾಹಾರಿಯಾದ ಅವರು ಚಳಿಯ ಊರಿನಲ್ಲಿ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಪರದೇಶದಲ್ಲಿ ಸಂಸಾರ ಹೂಡಿರುವ ನಮಗೆ ಆ ಒಂಟಿತನ ಸ್ವಲ್ಪವಾದರೂ ಅರ್ಥವಾಗುತ್ತದೆ.

ಅಂಥ ದಿನಗಳಲ್ಲೇ, 1915ರಲ್ಲಿ, ಈ ಸಂಖ್ಯೆಗಳ ಮೇಲಿನ ದೀರ್ಘ ಪ್ರಬಂಧ ಅಚ್ಚಾಯಿತು. ಒಂದು ಉದಾಹರಣೆ ನೋಡೋಣ. 60 ಎಂದರೆ 2×2×3×5. ಇಲ್ಲಿ 2 ಎರಡು ಸಲ, 3 ಒಂದು ಸಲ, 5 ಒಂದು ಸಲ ಬಂದಿದೆ. ಪ್ರತಿಯೊಂದಕ್ಕೂ ಒಂದು ಕೂಡಿಸಿ ಗುಣಿಸಿದರೆ 3×2×2, ಅಂದರೆ 12 ಭಾಜಕಗಳು. ಅತಿಸಂಯುಕ್ತ ಸಂಖ್ಯೆಯಲ್ಲಿ 2ರಿಂದ ಹಿಡಿದು ನಡುವಿನ ಯಾವ ಅವಿಭಾಜ್ಯ ಸಂಖ್ಯೆಯೂ ಬಿಟ್ಟುಹೋಗುವುದಿಲ್ಲ. ದೊಡ್ಡದು ಚಿಕ್ಕದಕ್ಕಿಂತ ಹೆಚ್ಚು ಸಲ ಬರುವುದಿಲ್ಲ. 4 ಮತ್ತು 36 ಬಿಟ್ಟರೆ ಕೊನೆಯದು ಒಂದೇ ಸಲ ಬರುತ್ತದೆ. ಇದನ್ನು ರಾಮಾನುಜನ್ ಸಾಧಿಸಿ ತೋರಿಸಿದರು. ಅವರ ಪಟ್ಟಿ 67,46,32,83,88,800ರವರೆಗೆ ಹೋಗುತ್ತದೆ. ಅದಕ್ಕೆ 10,080 ಭಾಜಕಗಳು! ಸಾಫ್ಟ್‌ವೇರ್ ಕೆಲಸದ ನಮಗೆ ಇದು ಒಂದು ಸಣ್ಣ ಪ್ರೋಗ್ರಾಂ. ಅವರ ಬಳಿ ಕಂಪ್ಯೂಟರ್ ಇರಲಿಲ್ಲ. ಅಷ್ಟು ದೊಡ್ಡ ಪಟ್ಟಿಯಲ್ಲಿ ತಪ್ಪಿಹೋದದ್ದು ಒಂದೇ ಸಂಖ್ಯೆ.

ಎಫ್.ಎ. ದಾಟಲಾಗದವರಿಗೆ 1916ರಲ್ಲಿ ಕೇಂಬ್ರಿಡ್ಜ್ ಇದೇ ಪ್ರಬಂಧಕ್ಕಾಗಿ ಪದವಿ ಕೊಟ್ಟಿತು. 1918ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಆದರೆ ಆರೋಗ್ಯ ಕೈಕೊಟ್ಟಿತ್ತು. 1919ರಲ್ಲಿ ತಾಯ್ನಾಡಿಗೆ ಮರಳಿ, 1920ರ ಏಪ್ರಿಲ್ 26ರಂದು, 32ನೇ ವಯಸ್ಸಿನಲ್ಲಿ ತೀರಿಕೊಂಡರು. ಹಣದ ಅಡಚಣೆಯಿಂದ ಅಂದು ಅಚ್ಚಾಗದೆ ಉಳಿದ ಪ್ರಬಂಧದ ಭಾಗ 1997ರಲ್ಲಿ ಬೆಳಕು ಕಂಡಿತು.

60ರ ನಂತರದ ಅತಿಸಂಯುಕ್ತ ಸಂಖ್ಯೆ ಯಾವುದು? ಈ ವಾರಾಂತ್ಯ ಮಕ್ಕಳ ಜೊತೆ ಕುಳಿತು ಹುಡುಕೋಣ. ಕಾಗದ, ಪೆನ್ಸಿಲ್ ಸಾಕು.