ಹಡಗು ಕೊಂಡವನ ಕೈಗೆ ಸೀಮೆಎಣ್ಣೆ ಡಬ್ಬ: ಮುಷ್ಕರದ ಬೆಲೆ ತೆತ್ತ ವಿ.ಒ. ಚಿದಂಬರಂ ಪಿಳ್ಳೈ

1912ರ ಡಿಸೆಂಬರ್‌ನಲ್ಲಿ ಕಣ್ಣೂರು ಜೈಲಿನ ಬಾಗಿಲು ತೆರೆದಾಗ ಹೊರಗೆ ಬಂದ ಮನುಷ್ಯನಿಗೆ ಆಗ ಬರೀ ನಲವತ್ತು ವರ್ಷ. ನಾಲ್ಕೂಮುಕ್ಕಾಲು ವರ್ಷದ ಹಿಂದೆ ಇವರನ್ನು ಬಂಧಿಸಿದಾಗ ಎರಡು ಊರುಗಳು ಬಾಗಿಲು ಹಾಕಿದ್ದವು. ಈಗ ಸ್ವಾಗತಕ್ಕೆ ಜನಸಾಗರವೇನೂ ಇರಲಿಲ್ಲ. ವಕೀಲಿಕೆಯ ಸನ್ನದು ಹೋಗಿತ್ತು, ಕಟ್ಟಿದ ಕಂಪನಿ ಮುಳುಗಿತ್ತು, ಸ್ವಂತ ಜಿಲ್ಲೆಗೆ ಕಾಲಿಡುವ ಹಾಗಿರಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಮದ್ರಾಸಿಗೆ ಹೋದ ಇವರು ಹೊಟ್ಟೆಪಾಡಿಗೆ ದಿನಸಿ, ಸೀಮೆಎಣ್ಣೆ ಮಾರಿದರು.

ಇವರೇ ವಿ.ಒ. ಚಿದಂಬರಂ ಪಿಳ್ಳೈ. ತಮಿಳರ ಬಾಯಲ್ಲಿ ವಿಒಸಿ. ಬ್ರಿಟಿಷರ ವಿರುದ್ಧ ಹಡಗು ಓಡಿಸಿದ ತಮಿಳ ಅಂತ ಶಾಲಾ ಪುಸ್ತಕಗಳು ಹೇಳುತ್ತವೆ. 1961ರಲ್ಲಿ ಇವರ ಬಗ್ಗೆ ಶಿವಾಜಿ ಗಣೇಶನ್ ಅವರನ್ನಿಟ್ಟು ಸಿನಿಮಾ ತೆಗೆದವರು ಬಿ.ಆರ್. ಪಂತುಲು, ಅದೇ ವರ್ಷ ನಮಗೆ 'ಕಿತ್ತೂರು ಚೆನ್ನಮ್ಮ' ಕೊಟ್ಟವರು. ಆದರೆ ಹಡಗಿನ ಕಥೆಯಷ್ಟೇ ಹೇಳಿ ನಿಲ್ಲಿಸಿದರೆ ಮುಖ್ಯ ವಿಷಯ ತಪ್ಪಿಹೋಗುತ್ತೆ. ಸರ್ಕಾರವನ್ನು ವಿರೋಧಿಸುವವರ ಹಿಂದೆ ದುಡ್ಡು, ಅಂಗಡಿ, ಕಂಪನಿ ನಿಂತಾಗ ಅಧಿಕಾರ ಮೊದಲು ಎಲ್ಲಿ ಹೊಡೆಯುತ್ತೆ ಅನ್ನೋದಕ್ಕೆ ಇವರ ಬದುಕು ಒಂದು ಪಾಠ.

ವಿಒಸಿ ಹುಟ್ಟಿದ್ದು 1872ರ ಸೆಪ್ಟೆಂಬರ್ 5ರಂದು, ತಿರುನಲ್ವೇಲಿ ಸೀಮೆಯ ಒಟ್ಟಪಿಡಾರಂನಲ್ಲಿ. ಅಪ್ಪ ವಕೀಲರು, ಮಗನೂ ವಕೀಲನಾದ. 1900ರ ಹೊತ್ತಿಗೆ ತೂತುಕುಡಿಗೆ ಬಂದು ನೆಲೆಸಿದರು. ಅದು ಬಂದರು ಪಟ್ಟಣ. ಅಲ್ಲಿಂದ ಕೊಲಂಬೋಗೆ ಸರಕು, ಕೂಲಿಗಳು, ವ್ಯಾಪಾರಿಗಳು ನಿತ್ಯ ಹೋಗಿ ಬರುತ್ತಿದ್ದರು. ಆ ಸಮುದ್ರದಾರಿ ಪೂರ್ತಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಎಂಬ ಒಂದೇ ಕಂಪನಿಯ ಹಿಡಿತದಲ್ಲಿತ್ತು. ದರ ಅವರದ್ದೇ, ನಿಯಮವೂ ಅವರದ್ದೇ.

1905ರ ಬಂಗಾಳ ವಿಭಜನೆ ದೇಶದಲ್ಲಿ ಸ್ವದೇಶಿ ಬೆಂಕಿ ಹೊತ್ತಿಸಿತ್ತು. ಬಹಳಷ್ಟು ಕಡೆ ಸ್ವದೇಶಿ ಅಂದರೆ ವಿದೇಶಿ ಬಟ್ಟೆ ಸುಡೋದು. ಟಿಳಕರ ಅನುಯಾಯಿಯಾಗಿದ್ದ ವಿಒಸಿ ಕೈ ಹಾಕಿದ್ದು ಹಡಗಿಗೆ. 1906ರ ಅಕ್ಟೋಬರ್‌ನಲ್ಲಿ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ನೋಂದಣಿ ಆಯಿತು. ಬಂಡವಾಳ 10 ಲಕ್ಷ ರೂಪಾಯಿ, 25 ರೂಪಾಯಿಯ 40,000 ಷೇರುಗಳು. ಜಮೀನ್ದಾರರು ಷೇರು ಕೊಂಡರು, ಮುಸ್ಲಿಂ ವರ್ತಕರೂ ಕೊಂಡರು. ಹಾಜಿ ಮೊಹಮ್ಮದ್ ಬಕೀರ್ ಸೇಠ್ ಒಬ್ಬರೇ 8,000 ಷೇರು, ಅಂದರೆ 2 ಲಕ್ಷ ರೂಪಾಯಿ ಹಾಕಿದರು.

ಮೊದಲು ಬಾಡಿಗೆ ಹಡಗು ತಂದರು. ಬಾಡಿಗೆ ಕೊಟ್ಟವರ ಮೇಲೆ ಬ್ರಿಟಿಷ್ ಕಂಪನಿ ಒತ್ತಡ ಹಾಕಿತು, ಹಡಗು ವಾಪಸ್ ಹೋಯಿತು. ಹಾಗಾದರೆ ಸ್ವಂತ ಹಡಗೇ ಬೇಕು ಅಂತ ವಿಒಸಿ ಮುಂಬೈಗೆ ಹೊರಟರು. 1907ರಲ್ಲಿ 'ಗಾಲಿಯಾ' ತೂತುಕುಡಿಗೆ ಬಂತು, ಜೊತೆಗೆ 'ಲಾವೋ'. ಆಮೇಲೆ ಶುರುವಾಗಿದ್ದು ದರಸಮರ. ಬ್ರಿಟಿಷ್ ಕಂಪನಿ ಟಿಕೆಟನ್ನು ಒಂದು ರೂಪಾಯಿಗೆ ಇಳಿಸಿತು, ಸ್ವದೇಶಿ ಕಂಪನಿ ಎಂಟಾಣೆಗೆ ಇಳಿಸಿತು. ಕೊನೆಗೆ ಬ್ರಿಟಿಷ್ ಹಡಗಿನಲ್ಲಿ ಪುಕ್ಕಟೆ ಪ್ರಯಾಣ, ಮೇಲೊಂದು ಕೊಡೆ ಕೂಡ ಉಚಿತ ಅನ್ನುವವರೆಗೂ ಹೋಯಿತು ಅಂತ ಜನ ಇವತ್ತಿಗೂ ಹೇಳ್ತಾರೆ. ನಷ್ಟ ತಡೆಯುವ ಶಕ್ತಿ ದೊಡ್ಡ ಕಂಪನಿಗಿತ್ತು, ಪುಟ್ಟ ಕಂಪನಿಗಿರಲಿಲ್ಲ. ಅದರ ಮೇಲೆ ಬಂದರು, ಆಡಳಿತ ಎರಡೂ ಕಡೆ ಅಧಿಕಾರಿಗಳ ಒಲವು ಯಾರ ಕಡೆ ಅಂತ ಬೇರೆ ಹೇಳಬೇಕಿಲ್ಲ.

ಇಷ್ಟಕ್ಕೇ ನಿಂತಿದ್ದರೆ ವಿಒಸಿ ಒಬ್ಬ ಸೋತ ಉದ್ಯಮಿ ಅನ್ನಿಸಿಕೊಳ್ಳುತ್ತಿದ್ದರು. ಅವರು ನಿಲ್ಲಲಿಲ್ಲ. ತೂತುಕುಡಿಯ ಕೋರಲ್ ಮಿಲ್ಸ್ ಬ್ರಿಟಿಷ್ ಆಡಳಿತದ ನೂಲಿನ ಗಿರಣಿ. ಕಡಿಮೆ ಕೂಲಿ, ಉದ್ದನೆಯ ದಿನ, ವಾರದ ರಜೆ ಇಲ್ಲ. 1908ರ ಫೆಬ್ರವರಿ 27ರಂದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದರು. ವಿಒಸಿ ಮತ್ತು ಗೆಳೆಯ ಸುಬ್ರಹ್ಮಣ್ಯ ಶಿವ ಪ್ರತಿದಿನ ಸಭೆ ನಡೆಸಿದರು. ಮುಷ್ಕರ ಮುಗಿಯುವವರೆಗೆ ಕಾರ್ಮಿಕರ ಮನೆಯಲ್ಲಿ ಒಲೆ ಉರಿಯಲೇಬೇಕಲ್ಲ, ಅದಕ್ಕೆ ಊರಿನವರಿಂದ ನೆರವು ಕೂಡಿಸಿದರು. ಸುಮಾರು ಒಂಬತ್ತು ದಿನದಲ್ಲಿ ಗಿರಣಿ ಮಣಿಯಿತು. ಕೂಲಿ ಹೆಚ್ಚಿತು, ಭಾನುವಾರದ ರಜೆ ಸಿಕ್ಕಿತು.

ಸರ್ಕಾರಕ್ಕೆ ನಿಜವಾದ ಭಯ ಹುಟ್ಟಿದ್ದು ಇಲ್ಲಿ. ವಕೀಲ, ವರ್ತಕ, ಗಿರಣಿ ಕೂಲಿ ಮೂವರೂ ಒಂದೇ ಮೈದಾನದಲ್ಲಿ ಕೂತಿದ್ದರು. ಬಿಪಿನ್ ಚಂದ್ರ ಪಾಲ್ ಬಿಡುಗಡೆಯ ಸಂಭ್ರಮಕ್ಕೆ ಸಭೆ ಮಾಡಕೂಡದು ಅಂದರೂ ಮಾಡಿದರು. ಊರು ಬಿಡಿ ಅಂದರೂ ಬಿಡಲಿಲ್ಲ. ಮಾರ್ಚ್ 12ರಂದು ವಿಒಸಿ, ಶಿವ ಮತ್ತು ಪದ್ಮನಾಭ ಅಯ್ಯಂಗಾರ್ ಬಂಧನವಾಯಿತು.

ಮರುದಿನ, ಶುಕ್ರವಾರ, ತಿರುನಲ್ವೇಲಿ ಬಾಗಿಲು ಹಾಕಿತು. ಅಂಗಡಿ ಮುಚ್ಚಿದವು, ವಿದ್ಯಾರ್ಥಿಗಳು ಬೀದಿಗಿಳಿದರು. ಮಧ್ಯಾಹ್ನದ ಹೊತ್ತಿಗೆ ಬಂದ್ ಕೈಮೀರಿತು. ಸರ್ಕಾರಿ ಕಚೇರಿಗಳಿಗೆ, ಪುರಸಭೆಯ ಎಣ್ಣೆ ಗೋದಾಮಿಗೆ ಬೆಂಕಿ ಬಿತ್ತು. ಪೊಲೀಸರ ಗುಂಡಿಗೆ ನಾಲ್ವರು ಸತ್ತರು. ತೂತುಕುಡಿಯಲ್ಲಿ ಕೋರಲ್ ಮಿಲ್ಸ್ ಕಾರ್ಮಿಕರು ಮತ್ತೆ ಕೆಲಸ ಬಿಟ್ಟರು. ಈ ಸಲ ಕೂಲಿಗಾಗಿ ಅಲ್ಲ, ತಮ್ಮ ನಾಯಕರಿಗಾಗಿ. ಪುರಸಭೆಯ ಪೌರಕಾರ್ಮಿಕರು, ಜಟಕಾದವರು ಕೂಡ ಜೊತೆಯಾದರು. ಟಿಳಕರಿಗೆ ಶಿಕ್ಷೆಯಾದಾಗ ಮುಂಬೈ ಗಿರಣಿಗಳು ಆರು ದಿನ ನಿಂತಿದ್ದು ಎಲ್ಲರಿಗೂ ಗೊತ್ತು. ಅದು ಜುಲೈನಲ್ಲಿ. ತೂತುಕುಡಿಯ ರಾಜಕೀಯ ಮುಷ್ಕರ ಅದಕ್ಕಿಂತ ನಾಲ್ಕು ತಿಂಗಳು ಮೊದಲು.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಚಳವಳಿಯೂ ಒತ್ತಡ ಹಾಕುತ್ತಿತ್ತು. ಸ್ವದೇಶಿಯನ್ನು ವಿರೋಧಿಸಿದ ಒಬ್ಬ ವಕೀಲರ ಕ್ಷೌರವನ್ನು ಅರ್ಧಕ್ಕೇ ಬಿಟ್ಟು ಕ್ಷೌರಿಕ ಎದ್ದುಹೋದ ಕಥೆ ಆ ಕಾಲದಲ್ಲಿ ಬಹಳ ಪ್ರಸಿದ್ಧ. ಕೇಳಿದರೆ ನಗು ಬರುತ್ತೆ, ಆದರೆ ಅದೂ ಬಹಿಷ್ಕಾರವೇ. ಅಂಗಡಿ ಮುಚ್ಚಿದ ಪ್ರತಿಯೊಬ್ಬನೂ ಮನಸಾರೆ ಮುಚ್ಚಿದನಾ, ಅಥವಾ ಕಲ್ಲು ಬೀಳುತ್ತೆ ಅಂತ ಮುಚ್ಚಿದನಾ? ಈ ಪ್ರಶ್ನೆ ಪ್ರತಿ ಬಂದ್‌ನಲ್ಲೂ ಇದ್ದೇ ಇರುತ್ತೆ.

ಆದರೆ ಎರಡೂ ಒತ್ತಡ ಸಮ ಅಲ್ಲ. ಕ್ಷೌರಿಕನ ಕೈಯಲ್ಲಿ ಕತ್ತಿ ಇದ್ದರೂ ಕಾನೂನು ಇರಲಿಲ್ಲ. ಸರ್ಕಾರದ ಕೈಯಲ್ಲಿ ಕಾನೂನಿತ್ತು, ಕೋರ್ಟಿತ್ತು, ಖಜಾನೆಯಿತ್ತು. ಗಲಭೆಯ ನಂತರ ಎರಡೂ ಊರಿಗೆ ದಂಡನೆಯ ಪೊಲೀಸ್ ಪಡೆ ಬಂದು ಕೂತಿತು. ಆ ಪಡೆಯ ಖರ್ಚನ್ನು ವಸೂಲಿ ಮಾಡಿದ್ದು ಊರಿನವರಿಂದಲೇ. ಯಾರು ಕಲ್ಲು ಹೊಡೆದರು, ಯಾರು ಸುಮ್ಮನೆ ಅಂಗಡಿ ಮುಚ್ಚಿ ಮನೆಯಲ್ಲಿದ್ದರು ಎಂಬ ವ್ಯತ್ಯಾಸವೇ ಇಲ್ಲ. ಬಾಗಿಲು ಹಾಕಿದ ಊರು ಬಾಗಿಲು ಹಾಕಿದ್ದಕ್ಕೇ ತೆರಿಗೆ ಕಟ್ಟಬೇಕಾಯಿತು.

ವಿಒಸಿಗೆ ಬಿದ್ದ ಏಟು ಇನ್ನೂ ದೊಡ್ಡದು. 1908ರ ಜುಲೈನಲ್ಲಿ ನ್ಯಾಯಾಧೀಶ ಪಿನ್ಹೆ ರಾಜದ್ರೋಹಕ್ಕೆ ಒಂದು, ಶಿವ ಅವರಿಗೆ ನೆರವಾಗಿದ್ದಕ್ಕೆ ಇನ್ನೊಂದು ಅಂತ ಎರಡು ಜೀವಾವಧಿ ಶಿಕ್ಷೆ ಕೊಟ್ಟರು. ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಕೊಯಮತ್ತೂರು ಜೈಲಿನಲ್ಲಿ ಎತ್ತು ಎಳೆಯುವ ಎಣ್ಣೆ ಗಾಣವನ್ನು ಈ ವಕೀಲನ ಕೈಯಲ್ಲಿ ಎಳೆಸಿದರು.

ಹೊರಗೆ ಕಂಪನಿ ಒಂಟಿಯಾಗಿತ್ತು. ರಾಜಕೀಯ ಬೇಡ, ವ್ಯಾಪಾರ ಸಾಕು ಅನ್ನುವ ದನಿ ಕಂಪನಿಯ ಒಳಗೇ ಇತ್ತು. ಅದನ್ನು ಹೇಡಿತನ ಅಂತ ತಳ್ಳಿಹಾಕುವುದು ಸುಲಭ. ಹಣ ಹಾಕಿದವರಿಗೆ ಜೈಲಿನ ಭಯವೂ ಇತ್ತು, ದಿವಾಳಿಯ ಭಯವೂ ಇತ್ತು. ಕಂಪನಿ ಮುಚ್ಚಲು ಸರ್ಕಾರ ಹೊಸ ಕಾನೂನು ತರಬೇಕಾಗಿರಲಿಲ್ಲ. ಜೊತೆ ನಿಂತವರಿಗೆ ಭಯ ಹುಟ್ಟಿಸಿದರೆ ಉಳಿದದ್ದನ್ನು ಮಾರುಕಟ್ಟೆಯೇ ಮಾಡಿ ಮುಗಿಸುತ್ತೆ. 1911ರಲ್ಲಿ ಸ್ವದೇಶಿ ಕಂಪನಿ ಬರ್ಖಾಸ್ತಾಯಿತು. ಅದೇ ವರ್ಷ ಜೂನ್ 17ರಂದು ಮಣಿಯಾಚಿ ರೈಲು ನಿಲ್ದಾಣದಲ್ಲಿ ಕಲೆಕ್ಟರ್ ಆಶ್ ಅವರನ್ನು ವಾಂಚಿನಾಥನ್ ಎಂಬ ಯುವಕ ಗುಂಡಿಕ್ಕಿ ಕೊಂದು ತಾನೂ ಸತ್ತ. ಬಹಿರಂಗ ಸಭೆ, ಕಂಪನಿ, ಮುಷ್ಕರ ಎಲ್ಲದರ ಬಾಗಿಲು ಮುಚ್ಚಿದ ಮೇಲೆ ಉಳಿದ ದಾರಿ ಅದೊಂದೇ ಅಂತ ಕೆಲವರಿಗೆ ಅನ್ನಿಸಿತ್ತು.

ಬಿಡುಗಡೆಯ ನಂತರದ ವರ್ಷಗಳು ಬಡತನದವು. ದಕ್ಷಿಣ ಆಫ್ರಿಕಾದ ಭಾರತೀಯರು ಇವರಿಗಾಗಿ ಕೂಡಿಸಿದ್ದ 347 ರೂಪಾಯಿ 12 ಆಣೆ ಗಾಂಧಿಯವರ ಮೂಲಕ ಕೈಸೇರಲು ಎಷ್ಟೋ ಪತ್ರ ಬರೆಯಬೇಕಾಯಿತು. ಮುಂದೆ ವ್ಯಾಲೇಸ್ ಎಂಬ ಬ್ರಿಟಿಷ್ ನ್ಯಾಯಾಧೀಶರು ವಕೀಲಿ ಸನ್ನದು ಮರಳಿ ಸಿಗುವಂತೆ ಮಾಡಿದರು. ವಿಒಸಿ ಆ ಋಣಕ್ಕೆ ಮಗನಿಗೆ ವಾಲೇಶ್ವರನ್ ಅಂತ ಹೆಸರಿಟ್ಟರು. ಸಾಮ್ರಾಜ್ಯದ ಮೇಲೆ ಸಿಟ್ಟು, ಮನುಷ್ಯನ ಮೇಲಲ್ಲ. ಜೊತೆಗೆ ತಿರುಕ್ಕುರಳ್, ತೊಲ್ಕಾಪ್ಪಿಯಂ ಅಂತ ಓದು, ಬರವಣಿಗೆ ನಡೆದೇ ಇತ್ತು. 1936ರ ನವೆಂಬರ್ 18ರಂದು ತೂತುಕುಡಿಯ ಕಾಂಗ್ರೆಸ್ ಕಚೇರಿಯಲ್ಲಿ ಕೊನೆಯುಸಿರೆಳೆದರು. ಬಿಟ್ಟುಹೋದದ್ದರಲ್ಲಿ ಸಾಲವೂ ಇತ್ತು.

ಇವತ್ತು ತೂತುಕುಡಿ ಬಂದರಿಗೆ ವಿಒಸಿ ಹೆಸರಿದೆ. ಗೌರವ ಒಳ್ಳೆಯದೇ. ಆದರೆ ಪ್ರತಿಮೆಗೆ ಹಾರ ಹಾಕುವಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ವಿರೋಧಿಗಳು ಮುಷ್ಕರಕ್ಕೆ ಕರೆ ಕೊಟ್ಟಾಗ ಲೈಸೆನ್ಸು, ತೆರಿಗೆ, ನೋಟಿಸುಗಳ ಭಯಕ್ಕೆ ಅಂಗಡಿಯವನು ನಡುಗುವ ಸ್ಥಿತಿ ಎಲ್ಲೇ ಇರಲಿ, ಯಾವ ಪಕ್ಷದ ಸರ್ಕಾರವೇ ಇರಲಿ, ಅದು 1908ರ ತಿರುನಲ್ವೇಲಿಯೇ. ಅಂಥ ಹೊತ್ತಲ್ಲಿ ನಾಯಕನಿಗೆ ಜೈಕಾರ ಹಾಕುವವರು ಬೇಕಾದಷ್ಟು ಸಿಗುತ್ತಾರೆ. ಜೈಲಿಂದ ಬಂದವನ ಅಂಗಡಿಯಲ್ಲಿ ಸೀಮೆಎಣ್ಣೆ ಕೊಳ್ಳುವವರು ಎಷ್ಟು ಜನ? ವಿಒಸಿಯನ್ನು ಸೋಲಿಸಿದ್ದು ಬ್ರಿಟಿಷರು ಮಾತ್ರ ಅಲ್ಲ, ಆ ಲೆಕ್ಕದಲ್ಲಿ ತಪ್ಪಿದ ನಮ್ಮವರೂ ಹೌದು.